ಎರಡನೆಯ ಪುಟಿತ

ಶ್ರೀನಿವಾಸ ಸರಡಗಿ ಊರಿನ ಬಳಿಯಿರುವ ಕಲಬುರಗಿ ವಿಮಾನ ನಿಲ್ದಾಣದಲ್ಲಿ ನಾನು ಸೆಸ್ನಾ 172 ಎಂಬ ಪುಟ್ಟ ತರಬೇತಿ ವಿಮಾನವನ್ನು ನೆಲಕ್ಕೆ ಅಪ್ಪಳಿಸಿದ್ದು ಏಪ್ರಿಲ್ ತಿಂಗಳ ಒಂದು ಮುಂಜಾನೆ, ಒಬ್ಬನೇ ಹಾರುತ್ತಿದ್ದಾಗ. ‘ಅಪ್ಪಳಿಸಿದೆ’ ಎಂದು ತರಬೇತಿ ಶಾಲೆಯಲ್ಲಿ ಯಾರೂ ಹೇಳುವುದಿಲ್ಲ. ‘ಹಾರ್ಡ್ ಲ್ಯಾಂಡಿಂಗ್’ ಎಂದರೆ ನಾಚಿಕೆ ತುಸು ಕಡಿಮೆ.

ಮೊದಲ ಪಾಠಗಳನ್ನು ಬೇರೆ ಊರಿನ ಕಿರಿದಾದ ರನ್‌ವೇಯಲ್ಲಿ ಕಲಿತು ಬಂದವನು ನಾನು. ಇಲ್ಲಿಯದು ದೊಡ್ಡ ವಿಮಾನಗಳಿಗೆಂದು ಕಟ್ಟಿದ, 3 ಕಿಲೋಮೀಟರಿಗೂ ಉದ್ದವಾದ, 45 ಮೀಟರ್ ಅಗಲದ ರನ್‌ವೇ. ಕಿರಿದಾದುದಕ್ಕೆ ಒಗ್ಗಿದ ಕಣ್ಣಿಗೆ ಅಗಲವಾದ ರನ್‌ವೇಯ ಮೇಲೆ ವಿಮಾನ ಇನ್ನೂ ಎತ್ತರದಲ್ಲಿರುವಾಗಲೇ ನೆಲ ಬಂದೇ ಬಿಟ್ಟಿತೆನಿಸುತ್ತದೆ. ಅಂದು ಉತ್ತು ಬಿಟ್ಟ ಎರೆಹೊಲಗಳಿಂದ ಏಳುತ್ತಿದ್ದ ಬಿಸಿಗಾಳಿ ವಿಮಾನವನ್ನು ಮೇಲಕ್ಕೆತ್ತಿತ್ತು. ನಾನು ಎಂಜಿನ್ನಿನ ಶಕ್ತಿ ಹೆಚ್ಚು-ಕಡಿಮೆ ಮಾಡುವ ಥ್ರಾಟಲ್ ಇಳಿಸಿದೆ, ನೆಲ ಬಂತೆಂದು ತಿಳಿದು ಮೂತಿ ಎತ್ತಿದೆ, ಆದರೆ ಚಕ್ರಗಳ ಕೆಳಗೆ ಇನ್ನೂ ಎರಡಾಳೆತ್ತರ ಬಾಕಿಯಿತ್ತು. ವೇಗ ಕುಗ್ಗಿ ವಿಮಾನ ದೊಪ್ಪನೆ ಬಿತ್ತು.

ಆ ಏಟಿಗೆ ಏನೂ ಮುರಿಯಲಿಲ್ಲ. ಹಿಂದಿನ ಚಕ್ರಗಳ ಕಾಲುಗಳು ಸ್ಪ್ರಿಂಗಿನಂತೆ ಬಾಗುವ ಉಕ್ಕಿನವಾದ್ದರಿಂದ ವಿಮಾನ ಪುಟಿದೆದ್ದಿತು. ಆಗಲೇ ಪೂರ್ತಿ ಥ್ರಾಟಲ್ ಕೊಟ್ಟು ಗೋ-ಅರೌಂಡ್ ಮಾಡಿದ್ದರೆ, ಅಂದರೆ ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರಿದ್ದರೆ, ಇದನ್ನು ಬರೆಯುವ ಪ್ರಸಂಗವೇ ಇರುತ್ತಿರಲಿಲ್ಲ. ನನ್ನ ಕೈಗಳು ಹೇಗಾದರೂ ಇಳಿಸಿಬಿಡುವ ಆತುರದಲ್ಲಿ ಮೂತಿಯನ್ನು ಏರಿಸಿ ಇಳಿಸುವ ಹಿಡಿಕೆಯಾದ ಯೋಕನ್ನು ಮುಂದಕ್ಕೆ ತಳ್ಳಿದವು. ಈ ಸಲ ಮೊದಲು ತಾಗಿದ್ದು ಅಂಥ ಏಟನ್ನು ತಾಳಲಾರದ ಮುಂಚಕ್ರ. ಮತ್ತೆ ಪುಟಿದು ಮೂರನೆಯ ಸಲ ಬಿದ್ದಾಗ ಮುಂಚಕ್ರದ ಕಾಲು ಮಡಚಿತು, ಪ್ರೊಪೆಲರ್ ರನ್‌ವೇಯನ್ನು ಕೆರೆಯಿತು, ಎಂಜಿನ್ ನಿಂತಿತು. ಇಂಧನ, ಸ್ವಿಚ್ಚು ಎಲ್ಲವನ್ನೂ ಬಂದ್ ಮಾಡಿ ಇಳಿದೆ. ಒಂದು ಗೀರೂ ಆಗಿರಲಿಲ್ಲ.

ಹ್ಯಾಂಗರಿನಲ್ಲಿ ಎಂಜಿನಿಯರರು ಎಂಜಿನ್ನಿನ ಹೊದಿಕೆ ಬಿಚ್ಚಿ, ಎಂಜಿನ್ನಿಗೂ ಕಾಕ್‌ಪಿಟ್ಟಿಗೂ ನಡುವಿನ ಫೈರ್‌ವಾಲ್ ತಗಡಿನಲ್ಲಿ ಎದ್ದಿದ್ದ ಸುಕ್ಕುಗಳನ್ನು ಮುಟ್ಟಿ ನೋಡಲು ಹೇಳಿದರು. ಪ್ರೊಪೆಲರ್ ನೆಲಕ್ಕೆ ಬಡಿದ ಮೇಲೆ ಎಂಜಿನ್ ಹೊರಗಿನಿಂದ ಎಷ್ಟೇ ನೆಟ್ಟಗೆ ಕಂಡರೂ ಪೂರ್ತಿ ಬಿಚ್ಚಿ ಪ್ರೊಪೆಲರನ್ನು ತಿರುಗಿಸುವ ಒಳಗಿನ ದಂಡವಾದ ಕ್ರ್ಯಾಂಕ್‌ಶಾಫ್ಟ್ ಪರೀಕ್ಷಿಸಲೇಬೇಕು ಎಂದೂ ತಿಳಿಸಿದರು.

ಮನೆಯಲ್ಲಿ ಅಪ್ಪ ಎಲ್ಲವನ್ನೂ ಕೇಳಿಸಿಕೊಂಡರು. ಅವರು ಮೂವತ್ತು ವರ್ಷ ಬಸ್ಸು ಓಡಿಸಿದವರು.

“ಬ್ರೇಕ್ ಹಿಡಿಲಿಲ್ಲೇನು ತಮ್ಮಾ?”

“ಬ್ರೇಕ್ ಅಲ್ಲಪ್ಪಾ, ಪುಟಿದಾಗ ಫುಲ್ ರೇಸ್ ಕೊಡಬೇಕು.”

ಬಹಳ ಹೊತ್ತಿನ ಮೇಲೆ ಅವರು, “ಬಡದ ಮ್ಯಾಲ ರೇಸ್ ಕೊಡೂದಂದ್ರ ಕೈ ಹ್ಯಾಂಗ ಕೇಳ್ತದ?” ಎಂದರು.

ಮತ್ತೆ ಹಾರಿದ ದಿನ ಇನ್‌ಸ್ಟ್ರಕ್ಟರ್ ಪಕ್ಕದಲ್ಲಿ ಕುಳಿತು ಎಂಟು ಸಲ ರನ್‌ವೇಯ ಸಮೀಪಕ್ಕೆ ಇಳಿಸಿದರು. ಎಂಟು ಸಲವೂ ಚಕ್ರ ತಾಗುವ ಮುಂಚೆ ಥ್ರಾಟಲ್ ಕೊಡಿಸಿ ಮೇಲೇರಿಸಿದರು. ಕೊನೆಗೆ ಇಳಿಸಿದವರು ಅವರೇ.