ಕಾಗದ ನೋಡಿದೆ, ಕಾಲುವೆ ನೋಡಲಿಲ್ಲ

ನನ್ನ ಕೆಲಸ ಜಾಗ ಹುಡುಕುವುದು. ಬೆಂಗಳೂರಿನ ಒಂದು ಸಣ್ಣ ಟ್ರಾವೆಲ್ ಕಂಪನಿ ನಮ್ಮದು. ಹಳ್ಳಿಗಳಲ್ಲಿ ಐದಾರು ಕೋಣೆಯ ಹೋಮ್‌ಸ್ಟೇ ಮಾಡುತ್ತೇವೆ. ಸಕಲೇಶಪುರ, ವಯನಾಡು ಕಡೆ ಮಾಡಿ ಅಭ್ಯಾಸವಿತ್ತು. 2024ರಲ್ಲಿ ಬೆಂಗಳೂರಿನಿಂದ ಬಾಲಿಗೆ ನೇರ ವಿಮಾನ ಶುರುವಾಯಿತು ನೋಡಿ, ನಮ್ಮ ಬಾಸ್‌ಗೆ ಅಲ್ಲೂ ಒಂದು ಕೈ ನೋಡೋಣ ಅನ್ನಿಸಿತು. ಅಲ್ಲಿನ ಒಂದು ಕಂಪನಿ ಪಾಲುದಾರರಾಗಿ ಸಿಕ್ಕಿತು. ಜಾಗ ನೋಡಿಕೊಂಡು ಬಾ ಅಂತ ನನ್ನನ್ನು ಕಳಿಸಿದರು.

ಕಡಲತೀರದ ಕಡೆ ನಾವು ಹೋಗಲೇ ಇಲ್ಲ. ಅಲ್ಲಿ ನಮ್ಮಂಥವರ ಕೈಗೆ ಎಟುಕುವ ಜಾಗ ಇಲ್ಲ. ಹೋಗಿದ್ದು ತಬಾನನ್ ಜಿಲ್ಲೆಗೆ, ಬಾತುಕಾರು ಬೆಟ್ಟದ ತಪ್ಪಲಿಗೆ. ವಿಮಾನ ನಿಲ್ದಾಣದಿಂದ ಕಾರಿನಲ್ಲಿ ಎರಡು ಗಂಟೆ, ಟ್ರಾಫಿಕ್ ಸಿಕ್ಕಿದರೆ ಮೂರು. ಬಾಲಿಯಲ್ಲಿ ರೈಲೇ ಇಲ್ಲ. ಆ ಹಳ್ಳಿಗೆ ಬಸ್ಸೂ ಇಲ್ಲ. ಅಜ್ಜಿಯಿಂದ ಹಿಡಿದು ಎಲ್ಲರೂ ಸ್ಕೂಟರ್ ಮೇಲೆ. ಒಂದು ಹುಲ್ಲಿನ ಹೊರೆ, ಎರಡು ಕೋಳಿ, ಒಂದು ಮಗು, ಎಲ್ಲಾ ಒಂದೇ ಗಾಡಿಯಲ್ಲಿ.

ಮೊದಲ ವಾರ ನನಗೆ ಕಷ್ಟವಾಗಿದ್ದು ಹೆಸರುಗಳು. ಮೊದಲ ಮಗು ವಯಾನ್, ಎರಡನೆಯದು ಮಾದೆ, ಮೂರನೆಯದು ನ್ಯೋಮನ್, ನಾಲ್ಕನೆಯದು ಕತುತ್. ಐದನೆಯದು ಹುಟ್ಟಿದರೆ ಮತ್ತೆ ವಯಾನ್. ಗಂಡಾದರೂ ಅದೇ, ಹೆಣ್ಣಾದರೂ ಅದೇ. ನನ್ನ ಫೋನಿನಲ್ಲಿ ಒಂಬತ್ತು ವಯಾನ್ ಇದ್ದಾರೆ. 'ಇಟ್ಟಿಗೆ ವಯಾನ್', 'ಬಾಡಿಗೆ ಸ್ಕೂಟರ್ ವಯಾನ್' ಅಂತ ಬರೆದುಕೊಂಡಿದ್ದೇನೆ.

ಜಮೀನಿನ ಲೆಕ್ಕ ಮಾತ್ರ ಸುಲಭವಾಗಿ ತಲೆಗೆ ಹೋಯಿತು. ಅಲ್ಲಿ ಜಮೀನನ್ನು 'ಆರೆ' ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಆರೆ ಅಂದರೆ 100 ಚದರ ಮೀಟರ್. ನಮ್ಮ ಒಂದು ಗುಂಟೆ ಸುಮಾರು 101. ಹಾಗಾಗಿ ಆರೆ ಅಂದಾಗೆಲ್ಲ ಮನಸ್ಸಿನಲ್ಲಿ ಗುಂಟೆ ಅಂದುಕೊಂಡರೆ ಸಾಕು. ಸ್ವಂತ ಜಮೀನಿನ ಹಕ್ಕಿಗೆ 'ಹಕ್ ಮಿಲಿಕ್' ಅನ್ನುತ್ತಾರೆ. ಹಕ್ ಅಂದರೆ ನಮ್ಮ ಹಕ್ಕೇ. ಮಿಲಿಕ್ ನಮ್ಮ ಮಾಲೀಕನ ದಾಯಾದಿ. ಎಲ್ಲವೂ ಅರಬ್ಬಿಯಿಂದ ಹೊರಟು ಬೇರೆ ಬೇರೆ ಊರಲ್ಲಿ ನೆಲೆಸಿದ ಪದಗಳು.

ಆದರೆ ಆ ಹಕ್ ಮಿಲಿಕ್ ನಮಗೆ ಸಿಗುವುದಿಲ್ಲ. 1960ರ ಭೂಕಾಯ್ದೆ ಪ್ರಕಾರ ಅದು ಇಂಡೋನೇಷ್ಯಾದ ಪ್ರಜೆಗಳಿಗೆ ಮಾತ್ರ. ವಿದೇಶಿಯರು ಗುತ್ತಿಗೆಗೆ ತೆಗೆದುಕೊಳ್ಳಬಹುದು. ಅಲ್ಲೇ ವಾಸಕ್ಕೆ ಪರವಾನಗಿ ಇದ್ದರೆ 'ಹಕ್ ಪಾಕೈ' ಅನ್ನುವ ಬಳಕೆಯ ಹಕ್ಕು ಪಡೆಯಬಹುದು. ಊರಿನವರೊಬ್ಬರ ಹೆಸರಲ್ಲಿ ಕೊಂಡು ಹಿಂದಿನಿಂದ ಒಂದು ಕರಾರು ಬರೆಸಿಕೊಳ್ಳುವ ಬೇನಾಮಿ ದಾರಿಯನ್ನೂ ಬ್ರೋಕರ್‌ಗಳು ಹೇಳುತ್ತಾರೆ, ಅದೂ ಬಹಳ ಧೈರ್ಯವಾಗಿ. ಕಾನೂನಿನ ಪ್ರಕಾರ ಅಂಥ ವ್ಯವಹಾರ ಅಸಿಂಧು. ಜಮೀನು ಸರ್ಕಾರಕ್ಕೆ ಹೋಗುತ್ತದೆ, ಕೊಟ್ಟ ದುಡ್ಡನ್ನು ವಾಪಸ್ ಕೇಳುವಂತಿಲ್ಲ. 'ಅಲ್ಲಿ ನಾಲ್ಕು ಗುಂಟೆ ತಗೋಬಹುದಾ?' ಅಂತ ಈಗಲೂ ನೆಂಟರು ಕೇಳುತ್ತಾರೆ. ಇಲ್ಲ ಅಂತಲೇ ಹೇಳುತ್ತೇನೆ.

ನಮ್ಮದು 25 ವರ್ಷದ ಗುತ್ತಿಗೆ, ಪಾಲುದಾರ ಕಂಪನಿಯ ಹೆಸರಲ್ಲಿ. ಅಲ್ಲಿ ಸಾಮಾನ್ಯವಾಗಿ ಅಷ್ಟೂ ವರ್ಷದ ಹಣ ಮುಂಗಡವಾಗಿ ಕೇಳುತ್ತಾರೆ. ಹಾಗಾಗಿ ಕಾಗದಪತ್ರದಲ್ಲಿ ನಾನು ಬಹಳ ಹುಷಾರಾಗಿದ್ದೆ. ಹಳೇ ಕಂದಾಯದ ಚೀಟಿ ತೋರಿಸಿ ಇದೇ ಪತ್ರ ಅನ್ನುವವರೂ ಇದ್ದಾರೆ. ಬಾಲಿಯಲ್ಲಿ ಅದಕ್ಕೆ ಪಿಪಿಲ್ ಅಂತಾರೆ, ಜಾವಾದಲ್ಲಿ ಗಿರಿಕ್. ನಮ್ಮಲ್ಲಿ ಕಂದಾಯ ಕಟ್ಟಿದ ರಸೀದಿ ಹಿಡಿದು ಜಮೀನು ನನ್ನದು ಅಂದ ಹಾಗೆ. ನಾನು ಅದಕ್ಕೆ ಮರುಳಾಗಲಿಲ್ಲ. ಭೂದಾಖಲೆ ಕಚೇರಿಯಲ್ಲಿ ಸರ್ಟಿಫಿಕೇಟ್ ತಾಳೆ ನೋಡಿಸಿದೆ. ನೋಟರಿ ಹತ್ತಿರ ಕೂತೆ. ಸರ್ಕಾರ ಕಾಪಾಡುವ ಗದ್ದೆಗಳ ಪಟ್ಟಿಯಲ್ಲಿ ಈ ಜಾಗ ಇದೆಯಾ ನೋಡಿದೆ. ಆ ಪಟ್ಟಿಯಲ್ಲಿದ್ದರೆ ಮನೆ ಕಟ್ಟುವಂತಿಲ್ಲ. ನಮ್ಮದು ಇರಲಿಲ್ಲ. 18 ಆರೆ ತೋಟ, ತೆಂಗು ಮತ್ತು ಲವಂಗದ ಮರ. ಎದುರಿಗೆ ಮೆಟ್ಟಿಲು ಮೆಟ್ಟಿಲಾಗಿ ಗದ್ದೆ. ಫೋಟೊ ಕಳಿಸಿದ ಹತ್ತು ನಿಮಿಷಕ್ಕೆ ಬಾಸ್ 'ಓಕೆ' ಅಂದರು.

ದುಡ್ಡು ಹೋಯಿತು. ಜಲ್ಲಿ ಬಂತು. ಜಲ್ಲಿ ಇಳಿಸಿದ ಮಾರನೇ ದಿನ ಒಬ್ಬ ಅಜ್ಜ ಬಂದರು.

ತಲೆಗೆ ಬಟ್ಟೆ ಸುತ್ತಿದ್ದರು, ಕೈಯಲ್ಲಿ ಲವಂಗದ ಸಿಗರೇಟು. ಜಲ್ಲಿ ರಾಶಿಯ ಪಕ್ಕ ಕುಕ್ಕರಗಾಲಲ್ಲಿ ಕೂತರು. ನಮ್ಮ ಡ್ರೈವರ್ ಮೊಬೈಲ್ ಜೇಬಿಗಿಟ್ಟು ತಟ್ಟನೆ ನೆಟ್ಟಗಾದ. ಆಗಲೇ ಗೊತ್ತಾಯಿತು ದೊಡ್ಡವರು ಅಂತ. 'ಪಾಕ್ ಪೆಕಾಸೆ' ಅಂದ. ಪಾಕ್ ಅಂದರೆ ನಾವು ಯಜಮಾನ್ರೇ ಅಂದ ಹಾಗೆ. ಪೆಕಾಸೆ ಅಂದರೆ ಊರಿನ ನೀರಿನ ಸಂಘವಾದ ಸುಬಾಕ್‌ನ ಮುಖ್ಯಸ್ಥ.

ಅಜ್ಜ ಜಗಳ ಆಡಲಿಲ್ಲ. ಎರಡು ಪ್ರಶ್ನೆ ಕೇಳಿದರು. ಕಾರು ಯಾವ ಕಡೆಯಿಂದ ಬರುತ್ತೆ? ಬಚ್ಚಲ ನೀರು ಯಾವ ಕಡೆ ಹೋಗುತ್ತೆ?

ಕಾರಿಗೆ ನಮ್ಮ ಪ್ಲಾನ್ ಸಿದ್ಧವಿತ್ತು. ಜಾಗದ ಮುಂದೆ ಒಂದೂವರೆ ಅಡಿ ಅಗಲದ ಕಾಲುವೆ. ಅದರಲ್ಲಿ ಸಿಮೆಂಟ್ ಪೈಪ್ ಇಟ್ಟು ಮೇಲೆ ಮಣ್ಣು ತುಂಬಿದರೆ ದಾರಿ ಆಯಿತು. ಬಚ್ಚಲ ನೀರಿಗೆ ಸೆಪ್ಟಿಕ್ ಟ್ಯಾಂಕ್ ಅಂದೆ. 'ಅದು ತುಂಬಿ ಹರಿದರೆ?' ಅಂದರು. ಕೆಳಗೆ ಗದ್ದೆ. ನನ್ನ ಬಾಯಿ ಕಟ್ಟಿತು.

ಸುಬಾಕ್ ಅನ್ನುವುದು ಬಾಲಿಯ ರೈತರ ನೀರಿನ ಸಂಘ. ಇಂದು ನಿನ್ನೆಯದಲ್ಲ, ಸುಮಾರು ಸಾವಿರ ವರ್ಷದಿಂದ ಇದೆ. 2012ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು. ಅದೇ ತಬಾನನ್ ಜಿಲ್ಲೆಯ ಜತಿಲುವಿಹ್ ಹಳ್ಳಿಯ ಗದ್ದೆಗಳೂ ಅದರೊಳಗೇ ಬರುತ್ತವೆ. ಒಂದೇ ಕಾಲುವೆಯ ನೀರು ಕುಡಿಯುವ ಗದ್ದೆಯವರೆಲ್ಲ ಒಂದು ಸುಬಾಕ್. ಯಾರು ಯಾವಾಗ ನಾಟಿ ಮಾಡಬೇಕು, ಯಾವಾಗ ಗದ್ದೆ ಒಣಗಲು ಬಿಡಬೇಕು, ಎಲ್ಲಾ ಒಟ್ಟಿಗೆ ತೀರ್ಮಾನ. 1970ರ ದಶಕದಲ್ಲಿ ಸರ್ಕಾರ ಹೊಸ ತಳಿ ಕೊಟ್ಟು, ಕಾಯಬೇಡಿ, ಆದಷ್ಟು ಸಲ ಬೆಳೆಯಿರಿ ಅಂದಿತಂತೆ. ಸರದಿ ತಪ್ಪಿತು. ಕಂದು ಜಿಗಿಹುಳ ಮುಗಿಬಿತ್ತು. ಒಟ್ಟಿಗೆ ಗದ್ದೆ ಖಾಲಿ ಬಿಟ್ಟರೆ ಹುಳಕ್ಕೆ ಊಟ ಇರುವುದಿಲ್ಲ, ಅಷ್ಟೇ ಗುಟ್ಟು. ಸ್ಟೀಫನ್ ಲ್ಯಾನ್ಸಿಂಗ್ ಅನ್ನುವ ಮಾನವಶಾಸ್ತ್ರಜ್ಞರು ಇದನ್ನು ಆಮೇಲೆ ಲೆಕ್ಕ ಹಾಕಿ ತೋರಿಸಿದರು.

ನನ್ನದು ಶಿರಾ ಕಡೆ. ಕೆರೆಗೆ ನೀರಗಂಟಿ ಇದ್ದ ಊರು. ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅನ್ನುವುದು ಅವನ ಮಾತು. ತಾತ ಅವನಿಗೆ ಸುಗ್ಗಿಯಲ್ಲಿ ಭತ್ತ ಅಳೆದು ಕೊಡುತ್ತಿದ್ದುದು ನೆನಪಿದೆ. ಇಷ್ಟಿದ್ದೂ ನನಗೆ ಆ ಕಾಲುವೆ ಕಂಡಿದ್ದು 'ದಾರಿಗೆ ಅಡ್ಡ' ಅಂತ.

ಅಜ್ಜ ನನ್ನನ್ನು ಕಾಲುವೆ ಗುಂಟ ಇನ್ನೂರು ಹೆಜ್ಜೆ ಮೇಲಕ್ಕೆ ಕರೆದುಕೊಂಡು ಹೋದರು. ಅಲ್ಲಿ ನೀರಿಗೆ ಅಡ್ಡವಾಗಿ ಒಂದು ತೆಂಗಿನ ದಿಮ್ಮಿ. ಅದರ ಮೇಲಂಚಿನಲ್ಲಿ ಕಚ್ಚು ಕೊರೆದಿದ್ದರು. ಒಂದು ಅಗಲ, ಎರಡು ಸಣ್ಣವು. ಇದಕ್ಕೆ ತೆಂಬುಕು ಅನ್ನುತ್ತಾರೆ. ಅಜ್ಜ ಬಗ್ಗಿ ಸಣ್ಣ ಕಚ್ಚಿನೊಳಗೆ ನಾಲ್ಕು ಬೆರಳು ಜೋಡಿಸಿ ಇಟ್ಟರು. ಸರಿಯಾಗಿ ಕೂತವು. ನೀರು ಬೆರಳಿನ ಮೇಲೆ ಹರಿಯಿತು. ಇದು ಒಬ್ಬನ ಪಾಲು ಅಂದರು. ಆಮೇಲೆ ನಾವು ಪೈಪ್ ಇಡಬೇಕು ಅಂದುಕೊಂಡಿದ್ದ ಕಡೆ ಕೈ ತೋರಿಸಿ, 'ಮಳೆಗಾಲದಲ್ಲಿ ಎಲೆ ಕಟ್ಟಿಕೊಂಡರೆ ಒಳಗೆ ಕೈ ಹಾಕೋರು ಯಾರು?' ಅಂತ ಕೇಳಿದರು. ಕೊನೇ ಪ್ರಶ್ನೆ ಅದಕ್ಕಿಂತ ಗಟ್ಟಿ. ಈ ತೋಟದ ಮಾಲೀಕ ಕಾಲುವೆ ಹೂಳೆತ್ತುವ ದಿನ ಬಂದು ಕೆಲಸ ಮಾಡುತ್ತಿದ್ದ. ಇನ್ನು 25 ವರ್ಷ ಅವನ ಬದಲು ಯಾರು ಬರುತ್ತಾರೆ?

ನಮ್ಮ ಕರಾರಿನಲ್ಲಿ 31 ಪುಟ ಇತ್ತು. ಇದರ ಬಗ್ಗೆ ಒಂದು ಸಾಲೂ ಇರಲಿಲ್ಲ.

ಸುಬಾಕ್ ಸಭೆಯಲ್ಲಿ ಮಾತಾಡೋಣ ಅಂದರು. ಯಾವಾಗ ಅಂದೆ. ಆ ಊರಿನ ಸಭೆ ನಡೆಯುವುದು 35 ದಿನಕ್ಕೊಮ್ಮೆ. ಬಾಲಿಯ ಪಂಚಾಂಗದಲ್ಲಿ ಐದು ದಿನದ ವಾರ ಒಂದು, ಏಳು ದಿನದ ವಾರ ಒಂದು. ಎರಡೂ ಕೂಡಿ ಒಂದು ಸುತ್ತು ಬರಲು 35 ದಿನ ಬೇಕು. ಹಿಂದಿನ ಸಭೆ ಆಗಿ ಬರೀ ನಾಲ್ಕು ದಿನ ಆಗಿತ್ತು. ಬಾಸ್‌ಗೆ ಫೋನ್ ಮಾಡಿ ಇದನ್ನು ವಿವರಿಸಿದ್ದು ನನ್ನ ಕೆಲಸದ ಜೀವನದಲ್ಲೇ ಅತ್ಯಂತ ಕಷ್ಟದ ಹದಿನೈದು ನಿಮಿಷ. ಅಲ್ಲಿ ಎರಡೂವರೆ ಗಂಟೆ ಮುಂದೆ. ಬಾಸ್ ಇನ್ನೂ ಕಾಫಿ ಕುಡಿದಿರಲಿಲ್ಲ.

ಕಾದೆವು. ಮಧ್ಯದಲ್ಲಿ ನ್ಯೇಪಿ ಬಂತು, ಅವರ ಶಕ ವರ್ಷದ ಹೊಸ ದಿನ. 2025ರಲ್ಲಿ ಅದು ಮಾರ್ಚ್ 29, ನಮ್ಮ ಯುಗಾದಿ ಮಾರ್ಚ್ 30. ನ್ಯೇಪಿ ದಿನ ದೀಪ ಹಚ್ಚುವಂತಿಲ್ಲ, ಮನೆಯಿಂದ ಹೊರಗೆ ಬರುವಂತಿಲ್ಲ. ವಿಮಾನ ನಿಲ್ದಾಣವನ್ನೂ 24 ಗಂಟೆ ಮುಚ್ಚುತ್ತಾರೆ. ಪ್ರವಾಸಿಗರಿಗೂ ಅದೇ ನಿಯಮ. ಟಿಕೆಟ್ ಬುಕ್ ಮಾಡುವವರು ಆ ತಾರೀಖು ನೋಡಿಕೊಳ್ಳಬೇಕು. ನಾನಂತೂ ಅಷ್ಟು ನಕ್ಷತ್ರ ಊರು ಬಿಟ್ಟ ಮೇಲೆ ನೋಡಿರಲಿಲ್ಲ. ಮಾರನೇ ದಿನ ನಾನು ಉಳಿದಿದ್ದ ಹೋಮ್‌ಸ್ಟೇ ಅಡುಗೆಮನೆಯಲ್ಲಿ ತಾಳೆಬೆಲ್ಲ ಬೇಡಿ ತಿಂದೆ. ಬೇವು ಸಿಗಲಿಲ್ಲ. ಕಹಿ ಆ ವರ್ಷ ಹೇಗೂ ಸಾಕಷ್ಟಿತ್ತು.

ಸಭೆಯಲ್ಲಿ ನಾನು ಮಾತಾಡಿದ್ದು ಐದು ನಿಮಿಷ, ಅವರು ಮಾತಾಡಿದ್ದು ಮೂರು ಗಂಟೆ. ಕೊನೆಗೆ ಪೈಪ್ ಹೋಯಿತು. ಕಾರು ಇನ್ನೂರು ಮೀಟರ್ ಆಚೆ, ರಸ್ತೆ ಬದಿಯಲ್ಲಿ ನಿಲ್ಲಬೇಕು. ಕಾಲುವೆ ಮೇಲೆ ನಡೆದು ದಾಟಲು ಎತ್ತಿ ಇಡಬಹುದಾದ ಒಂದು ಹಲಗೆ. ಬಚ್ಚಲ ನೀರಿಗೆ ತೋಟದೊಳಗೇ ಇಂಗುಗುಂಡಿ, ಅದಕ್ಕೆ ಜಾಗ ಬೇಕಾದ್ದರಿಂದ ಎಂಟು ಕೋಣೆ ಮೂರಾಯಿತು. ಹೂಳೆತ್ತುವ ದಿನ ನಮ್ಮ ಕಡೆಯಿಂದ ಒಬ್ಬ ಆಳು ಬರಲೇಬೇಕು. ದುಡ್ಡು ಕೊಡ್ತೀವಿ ಅಂದೆ. ದುಡ್ಡು ಹೂಳೆತ್ತಲ್ಲ ಅಂದರು.

ಎಂಟು ಕೋಣೆಯ ಲೆಕ್ಕಕ್ಕೆ ಗುತ್ತಿಗೆ ಹಣ ಕೊಟ್ಟು ಮೂರು ಕೋಣೆ ಕಟ್ಟಿದ್ದೇವೆ. ಆ ವರ್ಷ ನನಗೆ ಇನ್‌ಕ್ರಿಮೆಂಟ್ ಬರಲಿಲ್ಲ. ಕೇಳೋಕೂ ಹೋಗಲಿಲ್ಲ ಅನ್ನಿ. ನಮ್ಮ ಆಫೀಸಿನ ಜಾಗ ನೋಡುವ ಫಾರಂನಲ್ಲಿ ಮೊದಲು 'ವ್ಯೂ', ಆಮೇಲೆ 'ಬೆಲೆ', ಆಮೇಲೆ 'ದಾಖಲೆ' ಇತ್ತು. ಈಗ ಎಲ್ಲಕ್ಕೂ ಮೇಲೆ ಎರಡು ಸಾಲು ಸೇರಿಸಿದ್ದೇನೆ: ಒಂದು, ನೀರು ಎಲ್ಲಿಂದ ಬರುತ್ತೆ ಎಲ್ಲಿಗೆ ಹೋಗುತ್ತೆ; ಇನ್ನೊಂದು, ಊರಲ್ಲಿ ಯಾರನ್ನು ಕೇಳಿದಿರಿ. ಸಕಲೇಶಪುರದ ಜಾಗಕ್ಕೂ ಅದೇ ಫಾರಂ.

ಹೋದ ಸಲ ಹೋದಾಗ ಜಯನಗರದ ಒಂದು ಕುಟುಂಬ ಬಂದಿತ್ತು. ಕಾರು ಬಾಗಿಲ ತನಕ ಬರಲ್ವಾ ಅಂತ ಯಜಮಾನರು ಮುಖ ಗಂಟು ಹಾಕಿದರು. ಅಷ್ಟರಲ್ಲಿ ಊರಿನ ಇಬ್ಬರು ಹುಡುಗರು ಬಂದು ಸೂಟ್‌ಕೇಸ್ ತಲೆ ಮೇಲೆ ಇಟ್ಟುಕೊಂಡು ಗದ್ದೆ ಬದುವಿನ ಮೇಲೆ ಹೊರಟೇ ಬಿಟ್ಟರು. ಹೋದ ತಿಂಗಳು ಬೇರೆ ಇಬ್ಬರು ಇದ್ದರಲ್ಲ ಅಂತ ಡ್ರೈವರ್‌ನ ಕೇಳಿದೆ. ಅದಕ್ಕೂ ಪಾಳಿ ಮಾಡಿಕೊಂಡಿದ್ದಾರಂತೆ.