128ಕ್ಕೆ ಬಂದು ನಿಂತ ಎರರ್ ಕೌಂಟರ್

ಎರಡು ಬೋರ್ಡು, ನಡುವೆ ಅರ್ಧ ಮೀಟರ್ ಹೊಸೆದ ವೈರು, ವೇಗ ಸೆಕೆಂಡಿಗೆ 500 ಕಿಲೋಬಿಟ್. ಒಂದು ಬೋರ್ಡು ಸೆಕೆಂಡಿಗೆ ಹತ್ತು ಸಲ ಕ್ಯಾನ್ (ಕಾರುಗಳಲ್ಲಿ ಬಳಸುವ, ಎರಡೇ ವೈರಿನ ಮೇಲೆ ಹಲವು ಬೋರ್ಡುಗಳು ಮಾತಾಡುವ ವ್ಯವಸ್ಥೆ) ಮೆಸೇಜ್ ಕಳಿಸಬೇಕು, ಇನ್ನೊಂದು ಅದನ್ನು ಓದಿ ಎಲ್‌ಇಡಿ ಹಚ್ಚಬೇಕು. ಇಷ್ಟೇ ಕೆಲಸ. ಇದಕ್ಕೆ ನಾಲ್ಕು ರಾತ್ರಿ ಹಿಡಿಯಿತು. ತಪ್ಪು ಒಂದೇ ಆಗಿದ್ದರೆ ಬೇಗ ಸಿಗುತ್ತಿತ್ತೇನೋ. ಮೂರಿದ್ದವು, ಒಂದರ ಬೆನ್ನ ಹಿಂದೆ ಒಂದು ಅಡಗಿ ಕೂತಿದ್ದವು.

ಎರಡರಲ್ಲೂ ಇರುವುದು ಎಸ್‌ಟಿಎಂ32ಎಫ್103 ಅನ್ನುವ ಮೈಕ್ರೋಕಂಟ್ರೋಲರ್ ಚಿಪ್ಪು, ಕ್ಯಾನ್ ಕಂಟ್ರೋಲರ್ ಅದರೊಳಗೇ ಇದೆ. ಕಳಿಸುವುದಕ್ಕೆ 'ಎ' ಅನ್ನೋಣ, ಓದುವುದಕ್ಕೆ 'ಬಿ'. ಎ ರೆಡಿಮೇಡ್ ಬೋರ್ಡು, ಬಿ ನಾನೇ ಕೂತು ಸೋಲ್ಡರ್ ಮಾಡಿದ್ದು. ಟ್ರಾನ್ಸೀವರ್, ಅಂದರೆ ಕಂಟ್ರೋಲರಿನ ಮಾತನ್ನು ವೈರಿಗೆ ಹಾಕಿ ವೈರಿನದನ್ನು ಅದಕ್ಕೆ ತಲುಪಿಸುವ ಐಸಿ, ಎರಡರಲ್ಲೂ 3.3 ವೋಲ್ಟಿನ ಎಸ್‌ಎನ್65ಎಚ್‌ವಿಡಿ230. ಲೂಪ್‌ಬ್ಯಾಕ್ ಮೋಡ್‌ನಲ್ಲಿ ಎರಡೂ ಚೆನ್ನಾಗಿ ಓಡಿದವು, ನಾನೂ ಸುಮ್ನೆ ಖುಷಿಪಟ್ಟೆ. ಲೂಪ್‌ಬ್ಯಾಕ್‌ನಲ್ಲಿ ಕಂಟ್ರೋಲರ್ ತಾನು ಆಡಿದ್ದನ್ನು ತಾನೇ ಕೇಳಿಸಿಕೊಳ್ಳುತ್ತದೆ. ಅಲ್ಲಿ ವೈರಿಗೂ ಟ್ರಾನ್ಸೀವರಿಗೂ ಕೆಲಸವೇ ಇಲ್ಲ, ವೇಗ ತಪ್ಪಿದ್ದರೂ ಗೊತ್ತಾಗುವುದಿಲ್ಲ.

ಮೊದಲ ರಾತ್ರಿ ಎಲ್ಲರೂ ಮಾಡುವುದನ್ನೇ ಮಾಡಿದೆ: ಕೋಡ್ ಅಲ್ಲಿ ಇಲ್ಲಿ ತಿದ್ದುವುದು, ಮತ್ತೆ ಫ್ಲ್ಯಾಶ್ ಮಾಡುವುದು, ಬೈದುಕೊಳ್ಳುವುದು. ಟಿಎಕ್ಸ್ (ಕಳಿಸುವ ಪಿನ್) ಆರ್‌ಎಕ್ಸ್ (ಪಡೆಯುವ ಪಿನ್) ಅದಲುಬದಲಾಗಿದೆಯಾ ಅಂತಲೂ ನೋಡಿದೆ, ಯಾಕೆಂದರೆ ಹಿಂದೊಮ್ಮೆ ಯುಆರ್ಟ್ (ಸೀರಿಯಲ್ ಪೋರ್ಟ್) ಅಭ್ಯಾಸಬಲದಿಂದ ಕ್ಯಾನ್‌ನಲ್ಲೂ ಅವನ್ನು ಕ್ರಾಸ್ ಮಾಡಿ ಒಂದು ದಿನ ಕಳೆದುಕೊಂಡಿದ್ದೆ. ಕಂಟ್ರೋಲರ್‌ನಿಂದ ಟ್ರಾನ್ಸೀವರ್‌ಗೆ ಟಿಎಕ್ಸ್ ಟಿಎಕ್ಸ್‌ಗೇ ಹೋಗಬೇಕು, ಆರ್‌ಎಕ್ಸ್ ಆರ್‌ಎಕ್ಸ್‌ಗೇ. ಈ ಸಲ ಅದು ಸರಿಯಾಗಿತ್ತು.

ಎರಡನೇ ರಾತ್ರಿ ಮಲ್ಟಿಮೀಟರ್ ತೆಗೆದೆ. ಪವರ್ ಆಫ್ ಮಾಡಿ ಕ್ಯಾನ್ ಹೈ ಮತ್ತು ಕ್ಯಾನ್ ಲೋ ಅನ್ನುವ ಆ ಎರಡು ವೈರುಗಳ ನಡುವೆ ಅಳೆದರೆ 60 ಓಮ್ ಸುತ್ತಮುತ್ತ ಬರಬೇಕು, ಎರಡು ತುದಿಗೂ ಒಂದೊಂದು 120 ಓಮ್ ರೆಸಿಸ್ಟರ್ ಹಾಕಿರಬೇಕಾದ್ದರಿಂದ. ನನಗೆ 120 ಬಂತು. ಬಿ ಬೋರ್ಡಿನಲ್ಲಿ ರೆಸಿಸ್ಟರ್ ಹಾಕಲು ಮರೆತಿದ್ದೆ, ಹಾಕಿದೆ. (40 ಬಂದರೆ ಎಲ್ಲೋ ಮೂರನೆಯದೊಂದು ಸೇರಿಕೊಂಡಿದೆ ಅಂತ. ಹಲವು ರೆಡಿಮೇಡ್ ಮಾಡ್ಯೂಲ್‌ಗಳಲ್ಲಿ ಅದು ಮೊದಲೇ ಕೂತಿರುತ್ತದೆ, ಹಾಗಾಗಿ ಮೂರು ಮಾಡ್ಯೂಲ್ ಜೋಡಿಸಿದವರಿಗೆ ಈ 40 ಚೆನ್ನಾಗಿ ಪರಿಚಯ.) ನಿಜ ಹೇಳಬೇಕೆಂದರೆ ಅರ್ಧ ಮೀಟರ್ ವೈರಿಗೆ ಒಂದೇ ಇದ್ದರೂ ಬಹಳ ಸಲ ನಡೆದುಹೋಗುತ್ತದೆ. ಇಲ್ಲಿಯೂ ಅದರಿಂದ ಏನೂ ಬದಲಾಗಲಿಲ್ಲ, ಹಾಗಾಗಿ ಆ ಮೂರರ ಲೆಕ್ಕಕ್ಕೆ ಇದನ್ನು ಸೇರಿಸಿಲ್ಲ.

ಆಮೇಲೆ, ಮೊದಲ ದಿನವೇ ಮಾಡಬೇಕಾಗಿದ್ದ ಕೆಲಸ ಮಾಡಿದೆ. ಎ ಬೋರ್ಡಿನ ಇಎಸ್‌ಆರ್ ರಿಜಿಸ್ಟರ್ (ಕ್ಯಾನ್ ಎರರ್‌ಗಳ ಲೆಕ್ಕ ಇರುವ ಜಾಗ) ಓದಿ ಸೀರಿಯಲ್‌ನಲ್ಲಿ ಪ್ರಿಂಟ್ ಮಾಡಿಸಿದೆ. ಕೊನೆಯ ಎರರ್ ಕೋಡ್ 3, ಅಂದರೆ ಆ್ಯಕ್ ಎರರ್, ತಲುಪಿತು ಅನ್ನುವ ಉತ್ತರ ಸಿಗದ ತಪ್ಪು. ಕಳಿಸುವಾಗಿನ ಎರರ್ ಲೆಕ್ಕ, ಟಿಇಸಿ, 128. ಮುಂದಿನ ಸೆಕೆಂಡೂ 128. ಹತ್ತು ನಿಮಿಷ ಬಿಟ್ಟು ನೋಡಿದರೂ 128.

ಈ 128 ಎಷ್ಟೊಂದು ಹೇಳುತ್ತದೆ ನೋಡಿ. ಕ್ಯಾನ್‌ನಲ್ಲಿ ಕಳಿಸುವವನು ಪ್ರತಿ ಫ್ರೇಮಿನ (ಒಂದು ಪೂರ್ತಿ ಮೆಸೇಜಿನ) ಕೊನೆಗೆ ಒಂದು ಬಿಟ್ ಜಾಗ ಖಾಲಿ ಬಿಡುತ್ತಾನೆ. ಫ್ರೇಮ್ ಸರಿಯಾಗಿ ಕೇಳಿಸಿಕೊಂಡವರು ಯಾರೇ ಆಗಲಿ ಅಲ್ಲಿ ಬಸ್ಸನ್ನು, ಅಂದರೆ ಆ ವೈರಿನ ಜೋಡಿಯನ್ನು, ಡಾಮಿನೆಂಟ್‌ಗೆ (0 ಸ್ಥಿತಿಗೆ) ಎಳೆದು "ಹ್ಞೂಂ" ಅನ್ನಬೇಕು. ಯಾರೂ ಅನ್ನದಿದ್ದರೆ ಟಿಇಸಿ 8 ಏರುತ್ತದೆ, ಫ್ರೇಮ್ ಮತ್ತೆ ಹೋಗುತ್ತದೆ. ಹದಿನಾರು ಸಲಕ್ಕೆ 128, ಎರರ್ ಪ್ಯಾಸಿವ್, ಅಂದರೆ ತಪ್ಪು ಕಂಡರೂ ಬೇರೆಯವರ ಫ್ರೇಮ್ ಕೆಡಿಸಲಾಗದ ಸ್ಥಿತಿ. ಬೇರೆ ತಪ್ಪುಗಳಾದರೆ ಲೆಕ್ಕ ಇನ್ನೂ ಏರಿ 255 ದಾಟುತ್ತದೆ, ನೋಡ್ (ಬಸ್ಸಿಗೆ ಸೇರಿದ ಬೋರ್ಡು) ಬಸ್-ಆಫ್ ಆಗುತ್ತದೆ, ಅಂದರೆ ಬಸ್ಸಿನಿಂದ ಹೊರಬೀಳುತ್ತದೆ. ಆದರೆ ಬರೀ ಆ್ಯಕ್ ಸಿಗದಿದ್ದುದಕ್ಕೆ ಪ್ಯಾಸಿವ್ ಆದ ಮೇಲೆ ಲೆಕ್ಕ ಏರಬಾರದು ಅಂತ ನಿಯಮವೇ ಇದೆ, ಒಂಟಿಯಾಗಿ ಎದ್ದ ನೋಡ್ ಉಳಿದವರು ಏಳುವವರೆಗೆ ಕಾಯಲಿ ಅಂತ. ಹಾಗಾದರೆ ಎ ಸರಿಯಾಗಿಯೇ ಮಾತಾಡುತ್ತಿದೆ, ಬಸ್ಸನ್ನು ಕೆಡಿಸುವವರೂ ಯಾರಿಲ್ಲ. ಬಿ ಬಾಯಿ ಬಿಡುತ್ತಿಲ್ಲ, ಅಷ್ಟೇ.

ಬಿ ಯಾಕೆ ಬಾಯಿ ಬಿಡುತ್ತಿಲ್ಲ? ಟ್ರಾನ್ಸೀವರಿನ ಆರ್‌ಎಸ್ ಪಿನ್ನನ್ನು ಪವರ್ ಉಳಿಸಲು ಕಂಟ್ರೋಲರಿನ ಒಂದು ಪಿನ್ನಿಗೆ ಕೊಟ್ಟಿದ್ದೆ, ಅದನ್ನು ಎನೇಬಲ್ ಪಿನ್ ಅಂದುಕೊಂಡು ಕೋಡ್‌ನಲ್ಲಿ ಹೈ ಮಾಡಿದ್ದೆ. ಡೇಟಾಶೀಟ್ ತೆಗೆದರೆ ತಿರುಗಾಮುರುಗಾ: ಹೈ ಮಾಡಿದರೆ ಬರೀ ಕೇಳುತ್ತದೆ, ಮಾತಾಡಬೇಕಾದರೆ ಲೋ ಇರಬೇಕು. ಒಂದು ಸಾಲು ತಿದ್ದಿದೆ.

ಪರಿಸ್ಥಿತಿ ಇನ್ನೂ ಕೆಟ್ಟಿತು! ಈಗ ಎ ಬಸ್-ಆಫ್‌ಗೇ ಹೋಗತೊಡಗಿತು, ಎರರ್ ಕೋಡ್ ಒಂದೊಂದು ಸಲ ಒಂದೊಂದು. ತಿದ್ದಿದ್ದನ್ನು ವಾಪಸ್ ಹಾಕಿಬಿಡಲಾ ಅನ್ನಿಸಿತ್ತು. ಪುಣ್ಯಕ್ಕೆ ಹಾಕಲಿಲ್ಲ. ಬಿ ಕೊನೆಗೂ ಬಾಯಿ ಬಿಟ್ಟಿತ್ತು, ಆದರೆ ಬಂದ ಫ್ರೇಮ್ ಅರ್ಥವಾಗದೆ ಪ್ರತಿ ಸಲ ಎರರ್ ಫ್ರೇಮ್ ಕೂಗಿ ಎ ಮಾತನ್ನು ಕೆಡಿಸುತ್ತಿತ್ತು. ಅಂದರೆ ಇಬ್ಬರ ವೇಗ ಬೇರೆ ಬೇರೆ.

ಇದನ್ನು ನಂಬಲು ನನಗೆ ಆಗಲಿಲ್ಲ, ಯಾಕೆಂದರೆ ಎರಡರಲ್ಲೂ ಒಂದೇ ಟೈಮಿಂಗ್ ಕೋಡ್: 36 ಮೆಗಾಹರ್ಟ್ಸ್ ಕ್ಲಾಕ್, ಅದನ್ನು ಭಾಗಿಸುವ ಪ್ರಿಸ್ಕೇಲರ್ 9, ಒಂದು ಬಿಟ್‌ಗೆ 8 ಟೈಮ್ ಕ್ವಾಂಟಾ (ಭಾಗಿಸಿ ಬಂದ ಕ್ಲಾಕಿನ ತುಣುಕುಗಳು), ಸ್ಯಾಂಪಲ್ ಪಾಯಿಂಟ್ (ಬಿಟ್ ಓದುವ ಕ್ಷಣ) 87.5 ಶೇಕಡಾ. ಕಾಗದದ ಮೇಲೆ ಸರಿಯಾಗಿ 500. ಲಾಜಿಕ್ ಅನಲೈಸರ್ (ಸಿಗ್ನಲ್ಲಿನ ಅವಧಿ ಅಳೆದು ತೋರಿಸುವ ಉಪಕರಣ) ಹಚ್ಚಿದೆ. ಎ ಬೋರ್ಡಿನ ಒಂದು ಬಿಟ್ 2 ಮೈಕ್ರೋಸೆಕೆಂಡ್. ಬಿ ಇಂದಲೂ ಒಂದು ಮೆಸೇಜ್ ಕಳಿಸಿ ನೋಡಿದೆ, 2.25. ಅದು 444 ಕಿಲೋಬಿಟ್ ಆಯಿತು. 500ಕ್ಕೂ 444ಕ್ಕೂ ಇರುವುದು 36ಕ್ಕೂ 32ಕ್ಕೂ ಇರುವ ಅನುಪಾತವೇ.

32 ಅಂದ ತಕ್ಷಣ ಹೊಳೆಯಿತು. ಈ ಚಿಪ್ಪಿನಲ್ಲಿ ಹೊರಗಿನ 8 ಮೆಗಾಹರ್ಟ್ಸ್ ಕ್ರಿಸ್ಟಲ್ ಇದ್ದರೆ ಕ್ಲಾಕ್ 72 ಮೆಗಾಹರ್ಟ್ಸ್ ತನಕ ಹೋಗಬಹುದು, ಒಳಗಿನ ಆಸಿಲೇಟರ್ ಆದರೆ 64ಕ್ಕೇ ನಿಲ್ಲುತ್ತದೆ. ಕ್ಯಾನ್‌ಗೆ ಸಿಗುವುದು ಅದರ ಅರ್ಧ, 36 ಅಥವಾ 32. ಯಾವ ಕಾಲದಲ್ಲೋ ನಾನು ತುಂಬ ಜಾಣ ಅಂದುಕೊಂಡು ಒಂದು ಫಂಕ್ಷನ್ ಬರೆದಿದ್ದೆ: ಕ್ರಿಸ್ಟಲ್ ಶುರುವಾಗದಿದ್ದರೆ ಸದ್ದಿಲ್ಲದೆ ಒಳಗಿನ ಆಸಿಲೇಟರ್‌ಗೆ ಹೋಗು ಅಂತ. ಬಿ ಬೋರ್ಡಿನ ಕ್ರಿಸ್ಟಲ್‌ನ ಒಂದು ಕಾಲು ಡ್ರೈ ಸೋಲ್ಡರ್ ಆಗಿತ್ತು, ಅಂದರೆ ಬೆಸುಗೆ ಸರಿಯಾಗಿ ಹಿಡಿದಿರಲಿಲ್ಲ.

ಹಾಗಾದರೆ ಸೀರಿಯಲ್ ಪ್ರಿಂಟ್ ಯಾಕೆ ಸರಿಯಾಗಿ ಬರುತ್ತಿತ್ತು? ನಾಲ್ಕು ರಾತ್ರಿ ನನಗೆ ಮೋಸ ಮಾಡಿದ್ದು ಅದೇ. ಯುಆರ್ಟ್ ಶುರು ಮಾಡುವಾಗ ಚಿಪ್ ಕಂಪನಿಯ ಎಚ್‌ಎಎಲ್ ಲೈಬ್ರರಿ ಈಗ ನಿಜವಾಗಿ ಯಾವ ಕ್ಲಾಕ್ ಓಡುತ್ತಿದೆ ಅಂತ ರಿಜಿಸ್ಟರ್ ನೋಡಿ ವೇಗ ಲೆಕ್ಕ ಹಾಕುತ್ತದೆ. ಮಿಲಿಸೆಕೆಂಡ್ ಟಿಕ್ ಕೂಡ ಹಾಗೇ. ಹಾಗಾಗಿ ಎಲ್‌ಇಡಿ ಸರಿಯಾಗಿ ಮಿನುಗುತ್ತಿತ್ತು, ಪ್ರಿಂಟ್ ಸರಿಯಾಗಿ ಬರುತ್ತಿತ್ತು. ಕ್ಯಾನ್‌ಗೆ ಮಾತ್ರ ಪ್ರಿಸ್ಕೇಲರ್ ನಾವೇ ಕೊಟ್ಟ ಅಂಕಿ, ಅದನ್ನು ಯಾರೂ ತಿದ್ದುವುದಿಲ್ಲ. ಕ್ಲಾಕ್ ತಪ್ಪಿದ್ದು ಅಲ್ಲಿ ಮಾತ್ರ ಬಯಲಾಯಿತು.

ಕಾಲನ್ನು ಮತ್ತೊಮ್ಮೆ ಸೋಲ್ಡರ್ ಮಾಡಿದೆ. ಟಿಇಸಿ ಸೊನ್ನೆ, ಆ್ಯಕ್ ಬರುತ್ತಿದೆ. ಎಲ್‌ಇಡಿ ಮಾತ್ರ ಹತ್ತಲಿಲ್ಲ! ಇದು ಹತ್ತು ನಿಮಿಷದ ಕೆಲಸ: ಬಿ ಕೋಡ್‌ನಲ್ಲಿ ಫಿಲ್ಟರ್ (ಯಾವ ಮೆಸೇಜ್ ಒಳಗೆ ಬಿಡಬೇಕು ಅಂತ ಆರಿಸುವುದು) ಆನ್ ಮಾಡಿರಲಿಲ್ಲ. ಈ ಚಿಪ್ಪಿನಲ್ಲಿ ಒಂದಾದರೂ ಫಿಲ್ಟರ್ ಇರದಿದ್ದರೆ ಯಾವ ಮೆಸೇಜೂ ಫೈಫೋಗೆ (ಬಂದ ಮೆಸೇಜ್‌ಗಳು ಕಾಯುವ ಸಾಲಿಗೆ) ಬರುವುದಿಲ್ಲ, ಆದರೆ ಆ್ಯಕ್ ಮಾತ್ರ ಹಾರ್ಡ್‌ವೇರ್ ತಾನೇ ಕೊಡುತ್ತಿರುತ್ತದೆ. ಕಳಿಸುವವನಿಗೆ ಎಲ್ಲ ತಲುಪಿದೆ ಅಂತಲೇ ಅನ್ನಿಸುತ್ತದೆ, ಅಲ್ವಾ.

ಆ ಜಾಣ ಫಂಕ್ಷನ್ ಅಳಿಸಿಹಾಕಿದ್ದೇನೆ. ಈಗ ಕ್ರಿಸ್ಟಲ್ ಶುರುವಾಗದಿದ್ದರೆ ಬೋರ್ಡು ಅಲ್ಲೇ ನಿಂತು ಎಲ್‌ಇಡಿಯನ್ನು ಪಟಪಟ ಮಿನುಗಿಸುತ್ತದೆ.