ಹೋಲ್ಟರ್ ಜೊತೆಗೆ ಕೊಡುವ ಡೈರಿ

ಹೃದ್ರೋಗ ವಿಭಾಗದಲ್ಲಿ ರೋಗಿಗಳಿಗೆ ಹೋಲ್ಟರ್ ಯಂತ್ರ ಕಟ್ಟಿ ಕಳುಹಿಸುವುದು, ಮರುದಿನ ಅದರ 24 ಗಂಟೆಗಳ ಇಸಿಜಿ ದಾಖಲೆಯನ್ನು ಪರಿಶೀಲಿಸಿ ವೈದ್ಯರ ಮುಂದಿಡುವುದು ನನ್ನ ಕೆಲಸ. ಯಂತ್ರದ ಜೊತೆಗೆ ಒಂದು ಡೈರಿ ಹಾಳೆಯನ್ನೂ ಕೊಡುತ್ತೇವೆ; ಊಟ, ನಿದ್ದೆ, ನಡಿಗೆ, ಸಿಟ್ಟು, ಎದೆ ಡವಗುಟ್ಟಿದ ಹೊತ್ತು ಎಲ್ಲವನ್ನೂ ಅದರಲ್ಲಿ ಬರೆಯಬೇಕು. ಮೊದಲ ವರ್ಷಗಳಲ್ಲಿ ಹಾಳೆ ಖಾಲಿ ಮರಳಿದರೂ ನಾನು ಕೇಳುತ್ತಿರಲಿಲ್ಲ.

ಒಬ್ಬ ಶಿಕ್ಷಕರ ದಾಖಲೆಯಲ್ಲಿ ಏಟ್ರಿಯಲ್ ಫಿಬ್ರಿಲೇಷನ್, ಅಂದರೆ ಹೃತ್ಕರ್ಣಗಳು (ಹೃದಯದ ಮೇಲಿನ ಕೋಣೆಗಳು) ಲಯ ತಪ್ಪಿ ಅದುರುವುದು, ರಾತ್ರಿ ಹನ್ನೊಂದೂವರೆಗೆ ಶುರುವಾಗಿತ್ತು. ಕೆಲಸದ ಒತ್ತಡವೇ ಕಾರಣವೆಂದು ಅವರು ಹೇಳಿದ್ದರು, ನಾನೂ ನಂಬಿದ್ದೆ. ಆದರೆ ಆ ಹೊತ್ತಿನಲ್ಲಿ ಅವರು ಉತ್ತರ ಪತ್ರಿಕೆ ತಿದ್ದುತ್ತಿದ್ದರೋ, ಮಲಗಿದ್ದರೋ ಎಂದು ವೈದ್ಯರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ, ಅವರಿಗೂ ಸರಿಯಾಗಿ ನೆನಪಿರಲಿಲ್ಲ. ನನ್ನ ಅಜಾಗರೂಕತೆಯಿಂದ ಅವರು ಇನ್ನೊಂದು ದಿನ ರಜೆ ಹಾಕಿ ಬರಬೇಕಾಯಿತು. ಎರಡನೆಯ ಸಲದ ಡೈರಿಯಲ್ಲಿ ಹತ್ತು ಗಂಟೆಗೆ ಹೊಟ್ಟೆ ತುಂಬ ಊಟ, ಕೂಡಲೇ ನಿದ್ದೆ ಎಂದಿತ್ತು. ಲಯ ತಪ್ಪುವ ಮೊದಲು ಬಡಿತ ನಿಮಿಷಕ್ಕೆ ಐವತ್ತರ ಆಸುಪಾಸಿಗೆ ಇಳಿದಿತ್ತು.

ಇದು ಒತ್ತಡದ ಚಹರೆಯಲ್ಲ ಎಂದು ವೈದ್ಯರು ಅಂದು ಬಿಡಿಸಿ ಹೇಳಿದರು. ಆತಂಕದಲ್ಲಿ ಅಡ್ರಿನಲ್ ಗ್ರಂಥಿಯಿಂದ ಬರುವ ಅಡ್ರಿನಾಲಿನ್ ಮತ್ತು ನರತುದಿಗಳಿಂದ ಸುರಿಯುವ ನಾರ್‌ಅಡ್ರಿನಾಲಿನ್ ಹೃದಯದಲ್ಲಿ ಅವುಗಳ ಸಂದೇಶ ಹಿಡಿಯುವ ಬೀಟಾ ಗ್ರಾಹಕಗಳನ್ನು ಕೆಣಕಿ, ಜೀವಕೋಶಗಳೊಳಗೆ ಕ್ಯಾಲ್ಸಿಯಂ ಹೆಚ್ಚಿಸುತ್ತವೆ; ಕೋಶದೊಳಗಿನ ಸಂಗ್ರಹದಿಂದ ಅದು ಹೊತ್ತಲ್ಲದ ಹೊತ್ತಿನಲ್ಲಿ ಸೋರಿದರೆ ಹೆಚ್ಚುವರಿ ಬಡಿತಗಳು ಹುಟ್ಟುತ್ತವೆ. ಅಂಥ ದಾಖಲೆಯಲ್ಲಿ ಲಯ ಕೆಡುವ ಮೊದಲು ಬಡಿತದ ವೇಗ ಸಾಮಾನ್ಯವಾಗಿ ಏರುತ್ತದೆ. ನಿದ್ದೆಯಲ್ಲಿ ಮತ್ತು ಭಾರಿ ಊಟದ ನಂತರ ಮೇಲುಗೈ ಪಡೆಯುವುದು ಮಿದುಳಿನಿಂದ ಹೃದಯಕ್ಕೆ ಇಳಿಯುವ ವೇಗಸ್ ನರ. ಅದು ಬಿಡುವ ಅಸಿಟೈಲ್‌ಕೋಲಿನ್ ಬಡಿತವನ್ನು ನಿಧಾನಗೊಳಿಸುತ್ತದೆ ನಿಜ, ಆದರೆ ಹೃತ್ಕರ್ಣದ ಕೋಶಗಳು ಒಂದು ಬಡಿತದ ನಂತರ ಪಡೆಯುವ ವಿಶ್ರಾಂತಿಯ ಅವಧಿಯನ್ನು ಮೊಟಕುಗೊಳಿಸುವುದರಿಂದ ವಿದ್ಯುತ್ ಅಲೆಗಳು ಅಲ್ಲಲ್ಲೇ ಸುತ್ತು ಹಾಕಲು ದಾರಿಯಾಗುತ್ತದೆ. ಶಾಂತಿ ತರುವ ರಾಸಾಯನಿಕವೂ ಲಯ ಕೆಡಿಸಬಲ್ಲದು ಎಂಬುದು ನನಗೆ ನಿಜಕ್ಕೂ ಅನಿರೀಕ್ಷಿತವಾಗಿತ್ತು. ಒತ್ತಡದಿಂದ ಲಯ ಕೆಡುವ ಬಗೆಯಲ್ಲಿ ನೆರವಾಗುವ, ಬೀಟಾ ಗ್ರಾಹಕಗಳನ್ನು ತಡೆಯುವ ಬೀಟಾ ಬ್ಲಾಕರ್ ಮಾತ್ರೆ, ವೇಗಸ್ ನರದಿಂದಾಗುವ ಈ ಬಗೆಯಲ್ಲಿ ತೊಂದರೆಯನ್ನು ಹೆಚ್ಚಿಸಲೂಬಹುದು. ಆದ್ದರಿಂದ ಶಿಕ್ಷಕರ ಮಾತ್ರೆಯನ್ನು ವೈದ್ಯರು ಮತ್ತೆ ಯೋಚಿಸಿ ನಿರ್ಧರಿಸಿದರು.

ಈಗ ಎಲೆಕ್ಟ್ರೋಡ್ ಅಂಟಿಸುವ ಮೊದಲೇ ಡೈರಿಯನ್ನು ಕೈಗಿತ್ತು, ಬೆಳಗಿನ ಕಾಫಿಯನ್ನು ನನ್ನೆದುರೇ ಬರೆಸುತ್ತೇನೆ. ಅಕ್ಷರ ಬಾರದವರಿದ್ದರೆ ಜೊತೆಗೆ ಬಂದವರಿಗೆ ಒಪ್ಪಿಸುತ್ತೇನೆ. ಯಾರೂ ಇಲ್ಲದಿದ್ದರೆ ಮರುದಿನ ಯಂತ್ರ ಬಿಚ್ಚುವ ಮುನ್ನ ಪಕ್ಕದಲ್ಲಿ ಕುಳಿತು, ಹಿಂದಿನ ದಿನವನ್ನು ಕೇಳುತ್ತಾ ನಾನೇ ಹಾಳೆ ತುಂಬುತ್ತೇನೆ.